ಶಿವಬಸವ್ವನ ಫೋಟೋಕ್ಕ ಹಚ್ಚಿದ ಕಣ್ಣು

ಹೋದ ವರ್ಷದ ಮಾತು. ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಕಾಕಾನ ಮಗ ಅಂಬರೀಷ ವಿದ್ಯಾನಗರದಾಗಿನ ಇದೇ ಸ್ಟುಡಿಯೋದಾಗ ಕೆಲಸ ಮುಗಿಸಿ ಗೋಪನಕೊಪ್ಪಕ್ಕ ಹೊಂಟಿದ್ದ. ಬಸ್ಸು ತಪ್ಪಿತ್ತು, ನಡಕೊಂತ ಹೊಂಟಿದ್ದ. ಅವರ ಓಣಿ ತಿರುವಿನಾಗ ಒಂದು ಹಳೇ ಬಾವಿ ಐತಿ. ಈಗ ಅದರಾಗ ಯಾರೂ ನೀರು ಸೇದಂಗಿಲ್ಲ, ಮ್ಯಾಲ ಕಬ್ಬಿಣದ ಜಾಳಿಗಿ ಹಾಕಿ ಬಿಟ್ಟಾರ. ಕಟ್ಟಿ ಮಾತ್ರ ಹಂಗ ಐತಿ, ಮುದುಕೇರು ಕುಂಡ್ರಾಕ.

ಬಾವಿ ಇನ್ನ ಹತ್ತು ಹೆಜ್ಜಿ ಐತಿ ಅನ್ನೂದ್ರಾಗ ಸಪ್ಪಳ ಕೇಳಿತು.

ಸರ್ರ್... ಸರ್ರ್... ಟಪ್.

ಉಜ್ಮಾ, ಕಾಳು ಕೇರೂ ಮರದಾಗ ಜೋಳ ಹಸನ ಮಾಡೂದು ನೋಡೀಯಿಲ್ಲೋ? ಕಾಳು ಮರದ ಮ್ಯಾಲ ಹರಿದಾಡಿದ್ರ ಸರ್ರ್ ಅಂತೈತಿ. ಆಮ್ಯಾಲ ಮರದ ಅಂಚಿಗೆ ಬೆರಳಲೆ ಒಂದ ಏಟು ಬಡೀತಾರ, ಕಾಳಿನಾಗಿನ ಸಣ್ಣ ಕಲ್ಲು, ಹಳ್ಳು, ಮುಂದ ಬರ್ಲಿ ಅಂತ... ಅದು ಟಪ್. ಅದೇ ಸಪ್ಪಳ. ಓಣಿ ದೀಪ ಕೆಟ್ಟು ಎಂಟು ದಿನ ಆಗಿತ್ತು. ಅಂಥಾ ಕತ್ತಲಾಗ ಕಾಳು ಯಾರು ಹಸನ ಮಾಡ್ತಾರ?

ಅಂಬರೀಷ ನಿಂತ. ಆ ಕಟ್ಟಿ ಮ್ಯಾಲ ಕುಂತು ಜೋಳ ಹಸನ ಮಾಡಾಕಿ ಇಡೀ ಓಣ್ಯಾಗ ಒಬ್ಬಾಕಿನ ಇದ್ಲು. ಶಿವಬಸವ್ವ. ಅಕಿನ್ನ ಮಣ್ಣು ಮಾಡಿ ಇಪ್ಪತ್ತು ದಿನ ಆಗಿತ್ತು.

ಸಪ್ಪಳ ನಿಂತಿತು.

"ತಮ್ಮಾ..." ಅಂತು ಒಂದು ದನಿ. ಪಿಸುಮಾತಿನಾಗ. "ಹಳ್ಳು ಕಾಣವಲ್ದೋ."

ತಡಿ, ಮುಂದಿಂದು ಆಮ್ಯಾಲ ಹೇಳ್ತೇನಿ. ಹಿಂದಿಂದು ಹೇಳ್ಲಿಲ್ಲಂದ್ರ ನಿನಗ ತಿಳಿಯಂಗಿಲ್ಲ. ಇವತ್ತ ಸಂಜಿಕ ಒಬ್ಬ ಹಿರಿಯಾರು ಅವರಪ್ಪನ ಹೆಣದ ಫೋಟೋ ತಂದು, ಕಣ್ಣು ತೆರೆದಂಗ ಮಾಡಿ ಕೊಡ್ರಿ ಅಂದಾಗ ನಾ ಸಿಟ್ಟಿಲೆ ಹೊಳ್ಳಿ ಕಳಿಸಿದ್ನೆಲ್ಲಾ? ರಜನಿ ಅಕ್ಕಾರ ನಾಲಿಗಿ ಮೆಣಸಿನಕಾಯಿ ಅಂತ ನೀ ಆಕಡೆ ಮುಖ ಮಾಡಿ ಅಂದಿ. ನನಗ ಕೇಳಿಸೇತಿ. ಇರ್ಲಿ. ಆ ಆಲ್ಬಮ್ಮಿನ ಕೆಲಸ ಬಾಜೂಕ ಇಡು, ಮೊಬೈಲ್ ಬ್ಯಾಗಿನಾಗ ಹಾಕು, ಬಾಗಲಾ ಮುಂದ ಮಾಡು. ನಾ ಹೇಳೂದು ಕತಿ ಅಲ್ಲ. ನಾ ಮಾಡಿದ ತಪ್ಪು.

ಅಂಬರೀಷನೂ ನಿನ್ನಂಗ ಕಾಲೇಜಿನಾಗ ಫೋಟೋಗ್ರಫಿ ಕಲ್ಯಾಕತ್ತಿದ್ದ. ಹಗಲು ಕಾಲೇಜು, ಸಂಜಿಕ ನನ್ನ ಸ್ಟುಡಿಯೋ. ಮೂರನೇ ವರ್ಷಕ್ಕ ಅವರ ಸರ್ ಒಂದು ಕೆಲಸ ಕೊಟ್ರು. ನಿಮ್ಮ ಓಣ್ಯಾಗಿನ ಮಂದಿ ಮುಖ ತಗೊಂಡ ಬರ್ರಿ, ಮುಂಜಾನಿ ಬಿಸಿಲಿನಾಗ, ಫ್ಲ್ಯಾಶ್ ಹಚ್ಚಬ್ಯಾಡ್ರಿ ಅಂತ. ಇಂವ ಒಂದ ಮುಂಜಾನಿ ಇಬ್ಬರನ್ನ ತಗದ. ಮನಿ ಬಾಗಲದಾಗ ಮಿಷನ್ ಮುಂದ ಕುಂತಿದ್ದ ಅವರವ್ವನ್ನ... ನಾಗರತ್ನಾ ಅಂತ, ನನಗ ಕಾಕು, ಓಣಿ ಹೆಣ್ಮಕ್ಕಳ ಜಂಪರ್ ಎಲ್ಲಾ ಅಕಿನ ಹೊಲ್ಯಾಕಿ. ಆಮ್ಯಾಲ ಬಾವಿ ಕಟ್ಟಿಗೆ ಹೋಗಿ ಶಿವಬಸವ್ವನ್ನ ತಗದ.

ಶಿವಬಸವ್ವಗ ಎಂಬತ್ತರ ಮ್ಯಾಲ ಆಗಿತ್ತು. ಮಗ ಸಿದ್ದಲಿಂಗಪ್ಪ ದೊಡ್ಡ ಕಾಳಿನ ವ್ಯಾಪಾರಿ, ಅಕಿ ಹಳ್ಳು ಆರಿಸಿ ಆಗಬೇಕಾದ್ದು ಏನೂ ಇರ್ಲಿಲ್ಲ. ಆದ್ರ ಕೈ ಸುಮ್ಮನ ಇರ್ತಿದ್ದಿಲ್ಲ. ಅಂಬರೀಷ ಕಟ್ಟಿ ಸುತ್ತ ತಿರಗಿ ತಿರಗಿ ಇನ್ನೂರು ಫೋಟೋ ಹೊಡದ. ಅಕಿ ನಕ್ಕೊಂತ ಕುಂತ್ಲು. ಕಡೀಕ ಒಂದ ಮಾತು ಕೇಳಿದ್ಲು, ನಂದೊಂದು ಫೋಟೋ ಕೊಡು ಮತ್ತ, ನಾ ಹೋದ ಮ್ಯಾಲ ಗ್ವಾಡಿಗೆ ಹಾಕಾಕ ಒಂದೂ ಇಲ್ಲ ಅಂತ. ಆಧಾರ ಕಾರ್ಡಿನಾಗ ಐತಿ, ಅದರಾಗ ನಾ ಸುಟ್ಟ ಬದನೀಕಾಯಿ ಆಗೇನಿ ಅಂತ ತಾನ ಅಂದು ತಾನ ನಕ್ಲಂತ.

"ನಾಳಿ ಕೊಡ್ತೇನಿ ಆಯಿ" ಅಂದ ಇಂವ.

ನಾಳೆ ಅಂದವನ ಮನಿ ಹಾಳು ಅಂತಾರ. ಅವರ ಸರ್ ಇನ್ನೂರರಾಗ ಒಂದ ಫೋಟೋ ಆರಿಸಿದ್ರು. ಮುಖ ಇಲ್ಲದ್ದು. ಬರೇ ಎರಡು ಕೈ, ಮರ, ಜೋಳದ ಧೂಳು. ಇದು ಖರೇ ಫೋಟೋ ಅಂದ್ರು, ಕಾಲೇಜಿನ ಪ್ರದರ್ಶನದಾಗ ನಡಬರಕ ತೂಗು ಹಾಕಿದ್ರು. ಇಂವ ಹಿಗ್ಗಿ ಹೀರೀಕಾಯಿ ಆದ. ಮರುದಿನ ಒಂದ ಮದುವಿ ಫೋಟೋ ಹಿಡೀಬೇಕಿತ್ತು, ಕ್ಯಾಮೆರಾದ ಕಾರ್ಡಿನಾಗ ಜಾಗಾ ಇರ್ಲಿಲ್ಲ. ಅವರವ್ವನ ಫೋಟೋ, ಕೈ ಇದ್ದದ್ದು ಒಂದು ಲ್ಯಾಪ್‌ಟಾಪಿಗೆ ಹಾಕಿ ಇಟ್ಕೊಂಡ. ಮುದುಕಿ ಮುಖ ಇದ್ದವು ಅಷ್ಟೂ ಅಳಿಸಿದ. ಒಂದೂ ಉಳಸಲಿಲ್ಲ.

ಆಮ್ಯಾಲ ದಿನಾ ಬಾವಿ ದಾಟುವಾಗ ಮುದುಕಿ ಕೇಳೂದು, ತಂದಿ ಏನಪಾ... ಇಂವ ನಾಳಿ ಅನ್ನೂದು. ಹತ್ತು ದಿನಕ್ಕ ಇವನಿಗೆ ನಾಚಿಕಿ ಬಂತು. ಅಳಿಸೇನಿ, ಇನ್ನೊಂದ್ಸಲ ತಗೀತೇನಿ ಕುಂಡ್ರು ಆಯಿ ಅಂದಿದ್ರ ಮುಗೀತಿತ್ತು ನೋಡು. ಐದು ನಿಮಿಷದ ಕೆಲಸ. ಅದು ಬಿಟ್ಟು ಹಿಂದಿನ ಓಣ್ಯಾಗ ಹಾದು ಮನೀಗೆ ಹೋಗಾಕ ಸುರು ಮಾಡಿದ. ಮೂರು ತಿಂಗಳು ಹಂಗ ಅಡ್ಡ್ಯಾಡಿದ.

ಒಂದಿನ ಮುಂಜಾನಿ ಸಿದ್ದಲಿಂಗಪ್ಪಣ್ಣನ ಫೋನ್ ಬಂತು, ನನಗ. ಅವ್ವ ಹೋದ್ಲು, ಫೋಟೋ ತಗ್ಯಾಕ ಬರ್ರಿ ಅಂತ.

ನಿಮ್ಮ ಪೈಕಿ ಈ ಪದ್ಧತಿ ಇಲ್ಲ, ನಿನಗ ಹೇಳ್ತೇನಿ. ನಮ್ಮಲ್ಲಿ ಹೋದವರನ್ನ ಮಲಗಸಂಗಿಲ್ಲ. ಗ್ವಾಡಿಗೆ ಆನಿಸಿ ಕುಂಡ್ರಸ್ತಾರ, ತಲಿ ಬಗ್ಗಬಾರದಂತ ಹಿಂದ ಅರಿವಿ ಕಟ್ಟತಾರ. ಹಣಿಗೆ ವಿಭೂತಿ, ಕೊಳ್ಳಾಗ ಹೂವಿನ ಹಾರ. ಮುಂದ ಭಜನಿ ನಡೀತೈತಿ. ಜೀವಂತ ಇದ್ದಾಗ ಒಂದೂ ಫೋಟೋ ಇಲ್ಲದವರದು ಆವಾಗ ತಗೀತಾರ. ಆಮ್ಯಾಲ ಸ್ಟುಡಿಯೋದಾಗ ಕಣ್ಣು ತೆರೆಸಿ, ಚೌಕಟ್ಟು ಹಾಕಿ ಕೊಡೂದು. ನಮ್ಮ ಮಾವ ಕುಂಚ ಹಿಡದು ಮಾಡ್ತಿದ್ದ, ನಾವು ಕಂಪ್ಯೂಟರಿನಾಗ ಮಾಡ್ತೇವಿ. ಸಾಧಾರಣ ಅವರದ ಹಳೇ ಫೋಟೋದಾಗಿನ ಕಣ್ಣು ತಂದು ಕೂಡಸ್ತೇವಿ.

ನಾವಿಬ್ಬರೂ ಹೋದ್ವಿ. ಸಿದ್ದಲಿಂಗಪ್ಪಣ್ಣ ಇವನ್ನ ಬಾಜೂಕ ಕರದು ಕೇಳಿದ. ತಮ್ಮಾ, ನೀ ಅವ್ವಂದು ಒಮ್ಮೆ ತಗದಿದ್ಯಂತ, ಅಕಿ ಹೇಳ್ತಿದ್ಲು, ಅವು ಅದಾವೇನು? ಇಂವ ನೆಲಾ ನೋಡಿದ. ಅವು ಸರಿ ಬಂದಿದ್ದಿಲ್ರಿ ಕಾಕಾರ ಅಂದ. ಸುಳ್ಳು ಅಂತ ನನಗ ಗೊತ್ತಿತ್ತು. ನಾನೂ ಬಾಯಿ ತೆರೀಲಿಲ್ಲ.

ಆವತ್ತ ರಾತ್ರಿ ಇದೇ ಕುರ್ಚಿ ಮ್ಯಾಲ ಕುಂತು ಅಂಬರೀಷ ಆ ಫೋಟೋ ಕಂಪ್ಯೂಟರಿಗೆ ಹಚ್ಚಿದ. ಆಧಾರ ಕಾರ್ಡಿನಾಗಿನ ಕಣ್ಣು ದೊಡ್ಡದು ಮಾಡಿದ್ರ ಬರೇ ಕರೀ ಚುಕ್ಕಿ. ಬ್ಯಾರೇ ಮುದುಕೇರ ಕಣ್ಣು ಹಚ್ಚಿ ನೋಡಿದ, ಬೆಳಕು ಕೂಡಲಿಲ್ಲ. ನನಗ ನಿದ್ದಿ ಎಳ್ಯಾಕತ್ತಿತ್ತು. ಅವನ ಲ್ಯಾಪ್‌ಟಾಪಿನಾಗ ಕಾಕುನ ಫೋಟೋ ಕಂಡಿತು, ಆ ಮಿಷನ್ ಮುಂದಿಂದು. ಎಡಗಡೆ ಬೆಳಕು, ಸ್ವಲ್ಪ ನಗಿ. ಸೂಜಿ ಚುಚ್ಚಿದಂಗ ಸರೀ ಕೂಡ್ತಿತ್ತು.

"ಇದನ್ನ ಕೂಡ್ಸಲೇ" ಅಂದೆ ನಾನು.

"ಅಕ್ಕಾ... ಅವ್ವ ಜೀವಂತ ಅದಾಳ."

"ಅದಕ್ಕೇನಾತು? ಫೋಟೋ ಅಲ್ಲೇನು."

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಈ ಬಾಯಿಲೆ ನಾನ ಅಂದದ್ದು. ಅಂವ ಕೂಡಿಸಿದ. ಸುತ್ತ ಸುಕ್ಕು ಹಚ್ಚಿದ, ರೆಪ್ಪಿ ಬೆಳ್ಳಗ ಮಾಡಿದ. ಹೋದವರ ಹೆಸರಿಲೆ ಮಾಡೂ ಗಣಾರಾಧನಿ ದಿನ ಚೌಕಟ್ಟು ಹಾಕಿ ಕೊಟ್ವಿ. ಸಿದ್ದಲಿಂಗಪ್ಪಣ್ಣ ಅದನ್ನ ನೋಡಿ ನಿಂತಲ್ಲೇ ಅತ್ತ. ಅವ್ವ ನನ್ನ ನೋಡಾಕತ್ತಾಳ ಅಂದ. ಪಡಸಾಲ್ಯಾಗ ಎತ್ತರಕ್ಕ ತೂಗು ಹಾಕಿದ.

ಅದರ ಮರುದಿನ ಕಾಕುಗ ಸೂಜ್ಯಾಗ ದಾರ ಪೋಣಸಾಕ ಆಗಲಿಲ್ಲ. ಚಾಳೀಸ ಬಂತು ಕಾಣತೈತಿ, ನಲವತ್ತ ದಾಟೇತಿ ಅಂತ ನಕ್ಕು ಬಿಟ್ಲು. ಮಿಷನ್ ಹೊಲಗಿ ಸೊಟ್ಟ ಬರಾಕತ್ತಿತು. ಹುಕ್ಕು ಹಚ್ಚೂದು ಆಗವಲ್ದು. ಅದಾದ್ರ ಆತು ಅನ್ನಬಹುದಿತ್ತು... ಮೂರನೇ ರಾತ್ರಿ ಎದ್ದು ಕುಂತ್ಲು. ಅಂಬರೀಷನ್ನ ಎಬ್ಬಿಸಿದ್ಲು.

"ಕಣ್ಣು ಮುಚ್ಚಿದ್ರ ಸಿದ್ದಲಿಂಗಪ್ಪನ ಪಡಸಾಲಿ ಕಾಣತೈತೋ" ಅಂದ್ಲು. "ಮ್ಯಾಲಿಂದ. ನಾ ಗ್ವಾಡಿ ಮ್ಯಾಲ ಇದ್ದಂಗ."

ಕನಸು ಬಿದ್ದೈತಿ ಮಲಗು ಅಂದ ಅಂವ. ಕನಸು ಅಲ್ಲ, ಈಗ ಮುಚ್ಚೇನಿ ನೋಡು, ಬೆಕ್ಕು ಬಂದು ಎಡಿ ತಿನ್ನಾಕತ್ತೈತಿ, ಅನ್ನದ ಮ್ಯಾಲಿನ ಹಾಲು ಚೆಲ್ಲಿತು ಅಂದ್ಲು. ಮುಂಜಾನಿ ನಳದ ಹತ್ರ ಸಿದ್ದಲಿಂಗಪ್ಪಣ್ಣನ ಹೆಂಡ್ತಿ ಬೆಕ್ಕಿಗೆ ಬಯ್ಯಾಕತ್ತಿದ್ಲು. ಅವ್ವನ ಫೋಟೋದ ಮುಂದಿನ ಎಡಿ ತಿಂದು ಹಾಲು ಚೆಲ್ಲಿ ಹೋಗೇತಿ ಅಂತ. ಅಂಬರೀಷ ಕೊಡ ಅಲ್ಲೇ ಬಿಟ್ಟು ನನ್ನ ಹತ್ರ ಓಡಿ ಬಂದ.

ನಾ ಏನು ಮಾಡಿದೆ ಕೇಳು. ಅವನ ಬಾಯಿ ಮುಚ್ಚಿಸಿದೆ. ಮಂದಿಗೆ ಗೊತ್ತಾದ್ರ ಜೀವಂತ ಇದ್ದವರ ಕಣ್ಣು ಹೆಣಕ್ಕ ಹಚ್ಚತಾರ ಅಂತ ಸ್ಟುಡಿಯೋದ ಬಾಗಲಕ್ಕ ಯಾರೂ ಬರಂಗಿಲ್ಲ. ತಡಿ, ವಿಚಾರ ಮಾಡೂಣು ಅಂದೆ. ನಾನೂ ನಾಳಿ ಅಂದೆ ಅನ್ನು.

ಒಂಬತ್ತು ದಿನ ಹೋದ್ವು. ಕಾಕು ನಿದ್ದಿ ಮಾಡಿದ್ದಿಲ್ಲ. ಕಣ್ಣು ಮುಚ್ಚಿದ್ರ ಆ ಮನಿ ದೀಪ, ಆ ಮನಿ ಮಂದಿ. ಅವರು ಉಣ್ಣೂದು, ಬಟ್ಟಿ ಬದಲ ಮಾಡೂದು. ನಾ ನೋಡಬಾರದೋ ಯಪ್ಪಾ, ಮುಚ್ಚಿದ್ರೂ ಕಾಣತೈತಿ, ಎಲ್ಲಿ ಮುಚ್ಚಲಿ ಅಂತ ಅಳ್ತಿದ್ಲು. ಗಲ್ಲ ಒಳಗ ಹೋಗಿದ್ವು. ಅಂಬರೀಷಗ ಅವ್ವನ ಮುಖಾ ನೋಡಾಕ ಆಗವಲ್ದಾತು, ಮನೀಗೆ ತಡಾ ಮಾಡಿ ಹೋಗಾಕತ್ತಿದ. ಅಂಥಾ ಒಂದು ರಾತ್ರಿನ ಆ ಬಾವಿ ಹತ್ರ ಸಪ್ಪಳ ಕೇಳಿದ್ದು. ಆವತ್ತ ಹಿಂದಿನ ಓಣ್ಯಾಗ ಗಟಾರ ಅಗದಿದ್ರು, ಅದಕ್ಕ ಈ ಕಡೆ ಬಂದಿದ್ದ.

"ತಮ್ಮಾ... ಹಳ್ಳು ಕಾಣವಲ್ದೋ."

ಕಟ್ಟಿ ಮ್ಯಾಲ ಕರ್ರಗ ಕುಂತದ್ದು ಕಾಣತೈತಿ. ತಲಿ ಬಗ್ಗಿಸೇತಿ. ಮರ ತೊಡಿ ಮ್ಯಾಲ ಐತಿ.

"ಆಯಿ..." ಅಂದ.

"ಈ ಕಣ್ಣು ನನ್ನವಲ್ಲ" ಅಂತು. "ಯಾರವು?"

ಸರ್ರ್... ಸರ್ರ್... ಟಪ್. ಕಾಳು ಜಾಳಿಗಿ ಮ್ಯಾಲ ಬಿದ್ದು, ಒಂದೊಂದ ಬಾವ್ಯಾಗ ಉದರಾಕತ್ತಿದ್ವು. ಭಾಳ ಹೊತ್ತಿಗೆ ತಳದಾಗ ಪುಳಕ್... ಪುಳಕ್... ಅಂತಿತ್ತಂತ. ಆಮ್ಯಾಲ ಅದು ತಲಿ ಎತ್ತಿತು.

ಕತ್ತಲಾಗೂ ಕಂಡ್ವು ಅಂತಾನ. ಶಿವಬಸವ್ವನ ಸುಕ್ಕು ಮುಖ. ಅದರಾಗ ಅವರವ್ವನ ಎರಡು ಕಣ್ಣು. ಫೋಟೋದಾಗ ಇದ್ದಂಗ, ಸ್ವಲ್ಪ ನಗಿ. ಇವನ್ನ ನೋಡಾಕತ್ತಿದ್ವು, ಅವ್ವ ಮಗನ್ನ ನೋಡಿದಂಗ.

ಹೆಂಗ ಓಡಿದನೋ ಗೊತ್ತಿಲ್ಲ. ಮನ್ಯಾಗ ಕಾಕು ಬಾಗಲದಾಗ ನಿಂತಿದ್ಲಂತ. ಅಕಿ ಕಾಲಾಗ ಬಿದ್ದು ಎಲ್ಲಾ ಹೇಳಿದ. ಅಳಿಸಿದ್ದು, ಸುಳ್ಳು ಹೇಳಿದ್ದು, ಕಣ್ಣು ಹಚ್ಚಿದ್ದು. ಅಕಿ ಬಯ್ಯಲಿಲ್ಲ. ಒಂದ ಮಾತು ಕೇಳಿದ್ಲು.

"ನನ್ನ ಆ ಫೋಟೋನಾದ್ರೂ ಇಟ್ಟೀಯೋ... ಅದನ್ನೂ ಅಳಿಸೀಯೋ?"

ಮರುದಿನ ಸಂಜಿಕ ಅಂವ ಇದನ್ನ ನನಗ ಹೇಳುವಾಗ ಈ ಟೇಬಲ್ಲಿಗೆ ಹಣಿ ಹಚ್ಚಿ ಅಳಾಕತ್ತಿದ್ದ. ನನಗ ಆವಾಗ ನನ್ನ ಸ್ಟುಡಿಯೋದ ಮ್ಯಾಲ, ನನ್ನ ನಾಲಿಗಿ ಮ್ಯಾಲ ಹೇಸಿಗಿ ಬಂತು. ಏಳು, ಈಗ ಹೋಗೂಣು ಅಂದೆ.

ಸಂಜಿ ದೀಪದ ಹೊತ್ತಿಗೆ ಸಿದ್ದಲಿಂಗಪ್ಪಣ್ಣನ ಪಡಸಾಲ್ಯಾಗ ನಿಂತು ಇಬ್ಬರೂ ಹೇಳಿದ್ವಿ. ಕಣ್ಣು ಕೂಡ್ಸು ಅಂದಾಕಿ ನಾನ ಅಂತನೂ ಹೇಳಿದೆ. ಹೊಡೀತಾನ ಅಂದ್ಕೊಂಡಿದ್ದೆ, ಹೊಡದಿದ್ರ ಛಲೋ ಇತ್ತು. ಅಂವ ಫೋಟೋ ನೋಡಿಕೋತ ಕುಂತ. ಆಮ್ಯಾಲ ಅಂಬರೀಷಗ ಮೆಲ್ಲಕ ಹೇಳಿದ.

"ಹೋಗೂ ಹಿಂದಿನ ದಿನಾನೂ ಕೇಳಿದ್ಲು ತಮ್ಮಾ. ಹುಡುಗ ಫೋಟೋ ತಂದನೇನು ಅಂತ. ನಾಳಿ ತರತಾನ ಬಿಡವ್ವಾ ಅಂದಿದ್ದೆ."

ಉಜ್ಮಾ, ಆ ಮಾತು ನನ್ನ ಕಿವ್ಯಾಗ ಇನ್ನೂ ಐತಿ.

ಇದೊಂದು ರಾತ್ರಿ ಇರ್ಲಿ, ಮುಂಜಾನಿ ಒಯ್ರಿ ಅಂದ ಸಿದ್ದಲಿಂಗಪ್ಪಣ್ಣ. ಇಷ್ಟು ದಿನ ಅವ್ವ ನೋಡ್ತಾಳ ಅಂತ ಮಾತಾಡೇನಿ, ಒಮ್ಮೆಲೆ ಕಣ್ಣು ಮುಚ್ಚಸಾಕ ನನ್ನ ಕೈಲೆ ಆಗಂಗಿಲ್ಲ ಅಂದ. ಬ್ಯಾಡ ಅನ್ನಾಕ ನಮಗ ಯಾವ ಮುಖ ಇತ್ತು? ಆ ರಾತ್ರಿ ಕಾಕು ಕಣ್ಣು ಮುಚ್ಚಿ ಕುಂತ್ಲು. ಸಿದ್ದಲಿಂಗಪ್ಪ ಬೆಳತನಕ ಎದುರಿಗೆ ಕುಂತು ಅತ್ತ, ಅಳಬ್ಯಾಡ ಅನ್ನಾಕ ನನಗ ಅಲ್ಲಿ ಬಾಯಿ ಇರ್ಲಿಲ್ಲ ಅಂತ ಮುಂಜಾನಿ ಹೇಳಿದ್ಲು.

ಫೋಟೋ ತಂದ್ವಿ. ಅಂಬರೀಷ ತಾನ ಕುಂತು ಕಾಕುನ ಕಣ್ಣು ತಗದ, ಮೊದಲಿನಂಗ ಮುಚ್ಚಿದ ಕಣ್ಣು ಇಟ್ಟ. ಆ ಹಳೇ ಪ್ರಿಂಟು ಕಾಲೇಜಿನ ಹಿಂದ ಮಣ್ಣಾಗ ಹುಗದ. ಹೊಸಾದು ತೂಗು ಹಾಕಿದ ರಾತ್ರಿ ಕಾಕು ಹೊದ್ದು ಮಲಗಿದ್ಲು, ಮರುದಿನ ಮಧ್ಯಾಹ್ನ ಎದ್ಲು. ಕಣ್ಣು ಮುಚ್ಚಿದ್ರ ಕತ್ತಲಿ ಇತ್ತೋ, ಬರೇ ಕತ್ತಲಿ ಅಂತ ಹಿಗ್ಗಿದ್ಲು. ಬಾವಿ ಕಟ್ಟಿ ಮ್ಯಾಲ ಆಮ್ಯಾಲ ಯಾವ ಸಪ್ಪಳನೂ ಇಲ್ಲ. ಎಲ್ಲಾ ಮುಗೀತು ಅಂದ್ಕೊಂಡ್ವಿ.

ಸೂಜಿ ಮಾತ್ರ ಕಾಣಲಿಲ್ಲ. ವಾರ ಆತು, ತಿಂಗಳಾತು. ಅಂಬರೀಷ ಕಾಲೇಜಿಗೆ ಹೋಗೂ ಮುಂದ ದಿನಾ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗ್ತಿದ್ದ. ಅವ್ವ ಹತ್ತನೇದು ಮುಗಿದ ಮ್ಯಾಲ ಇವನ ದಾರಿ ಕಾಯ್ಕೋತ ಕುಂಡ್ರತಿದ್ಲು. ಇದೇನು ಬರೇ ಚಾಳೀಸ ಇರಬೇಕು, ಒಂದ ಚಸ್ಮಾ ಹಾಕಿದ್ರ ಹೋತು ಅಂತ ನಾನ ಜುಲುಮಿ ಮಾಡಿ ಕಣ್ಣಿನ ಡಾಕ್ಟರ್ ಹತ್ರ ಕರಕೊಂಡು ಹೋದೆ. ಅಂಬರೀಷನೂ ಬಂದ.

ಡಾಕ್ಟರಮ್ಮ ಕಾಕುನ ಗದ್ದ ಮಷೀನ್ ಮ್ಯಾಲ ಇಡಿಸಿ, ಬೆಳಕು ಬಿಟ್ಟು ನೋಡಿದ್ರು. ಬಲಗಣ್ಣು. ಎಡಗಣ್ಣು. ಮತ್ತ ಬಲಗಣ್ಣು.

"ಆಪರೇಷನ್ ಎಲ್ಲಿ ಮಾಡಿಸೀರಿ ಅಮ್ಮಾ? ಛಲೋ ಮಾಡ್ಯಾರ."

ಯಾವ ಆಪರೇಷನ್‌ರಿ ಅಂದ್ಲು ಕಾಕು. ಪೊರಿ ತಗದು ಎರಡೂ ಕಣ್ಣಾಗ ಲೆನ್ಸ್ ಕೂಡಿಸ್ಯಾರಲ್ಲ, ಐದಾರು ವರ್ಷದ ಹಿಂದಿಂದು ಕಾಣತೈತಿ, ಇಷ್ಟು ಸಣ್ಣ ವಯಸ್ಸಿನಾಗ ಯಾಕ ಪೊರಿ ಬಂತು ಅಂತ ಅವರು ಬರಕೋತ ಕೇಳಿದ್ರು. ಕಾಕು ಹುಟ್ಟಿದಾಗಿಂದ ಕಣ್ಣಿಗೆ ಔಷಧದ ಹನಿ ಸುದ್ದಾ ಹಾಕ್ಕೊಂಡಾಕಿ ಅಲ್ಲ.

ಹೊರಗ ಬಂದ ಮ್ಯಾಲ ಅಂಬರೀಷ ನನ್ನನ್ನ ಬಾಜೂಕ ಕರದು ಹೇಳಿದ. ಅಕ್ಕಾ, ಆವತ್ತ ಕಟ್ಟಿ ಮ್ಯಾಲ ಹತ್ರದಿಂದ ಹೊಡಿಯಾಕತ್ತಾಗ ಆಯಿ ಕಣ್ಣಾಗ ಒಂದ ನಮೂನಿ ಮಿಂಚು ಕಂಡಿತ್ತು, ಯಾಕ ಆಯಿ ಅಂತ ಕೇಳಿದ್ದೆ, ಕ್ಯಾಂಪಿನಾಗ ಎರಡೂ ಕಣ್ಣು ಆಪರೇಷನ್ ಮಾಡಿಸೇನಪಾ ಅಂದಿದ್ಲು ಅಂತ.

ಶಿವಬಸವ್ವಗ ಆಪರೇಷನ್ ಆಗಿತ್ತು ಅನ್ನೂದನ್ನ ಕಾಕುಗ ನಾವು ಹೇಳಿಲ್ಲ. ಸಿದ್ದಲಿಂಗಪ್ಪಣ್ಣಗೂ ಹೇಳಿಲ್ಲ. ನೀ ನಂಬು, ಬಿಡು, ನನಗೇನು ಆಗಬೇಕಾಗಿಲ್ಲ. ಆದ್ರ ಇದು ನಡದದ್ದು. ಆ ಡಾಕ್ಟರ್ ಚೀಟಿ ನಿನ್ನ ಮೊಣಕಾಲ ಹತ್ರ ಐತಲ್ಲ, ಆ ಡ್ರಾವರಿನಾಗ ಐತಿ. ನಾಗರತ್ನಾ, ವಯಸ್ಸು ನಲವತ್ನಾಲ್ಕು ಅಂತ ಮ್ಯಾಲ ಬರದಾರ. ಕೆಳಗ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಹಳೆಯದು ಅಂತ ಬರದಾರ. ತಗದು ಓದ್ಕೋ.